ಗಾಜಿನ ಮೇಲೆ ರುಜು

ನನ್ನ ಅಣ್ಣ ಶಿವಮಲ್ಲು ಸತ್ತದ್ದು ರೆಸಾರ್ಟಿನ ಕಕ್ಕಸು ಗುಂಡಿಯೊಳಗೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆನೆ ತುಳಿದು ಸತ್ತ, ಲಾರಿ ಗುದ್ದಿ ಸತ್ತ ಅಂತ ಯಾರೂ ಅಂದುಕೊಳ್ಳುವುದು ಬೇಡ. ನಮ್ಮ ಕಡೆ ಅವೂ ಆಗುತ್ತವೆ. ಇವನಿಗೆ ಆದದ್ದು ಅದಲ್ಲ.

ಆ ರೆಸಾರ್ಟ್ ಇರುವುದು ಗುಂಡ್ಲುಪೇಟೆಯಿಂದ ಕೇರಳಕ್ಕೆ ಹೋಗುವ ರಸ್ತೆಯಲ್ಲಿ, ಕಾಡಂಚಿನ ಮದ್ದೂರಿನ ಹತ್ತಿರ. ಅದರ ಹೆಸರಿನಲ್ಲಿ ಹುಲಿ ಇದೆ. ಪಕ್ಕದ ರೆಸಾರ್ಟಿನ ಹೆಸರಿನಲ್ಲಿ ಆನೆ ಇದೆ. ಗುಂಡಿ ಎರಡರಲ್ಲೂ ಇದೆ, ಅದನ್ನು ಬೋರ್ಡಿನಲ್ಲಿ ಬರೆಸಿಲ್ಲ.

ನನ್ನ ಅವ್ವ ಮಂಚಮ್ಮ ಅಲ್ಲಿ ಕಕ್ಕಸು ತೊಳೆಯುತ್ತಿದ್ದಳು. ಅಣ್ಣ ತೋಟಕ್ಕೆ ನೀರು ಬಿಡುವ ಕೆಲಸಕ್ಕೆ ಸೇರಿದ್ದ. ಸೇರಿಸಿಕೊಂಡದ್ದು ತೋಟಕ್ಕೆ, ಇಳಿಸಿದ್ದು ಗುಂಡಿಗೆ. ನಾವು ಹೊಲಗೇರಿಯವರು. ನಮ್ಮವರನ್ನು ಯಾವ ಕೆಲಸಕ್ಕೆ ಸೇರಿಸಿಕೊಂಡರೂ ಕೊನೆಗೆ ತೋರಿಸುವುದು ಅದೇ ಕೆಲಸ. ನಾನು ರಮ್ಯ. ಪಿಯುಸಿ ಮುಗಿಸಿ ಗುಂಡ್ಲುಪೇಟೆಯ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುತ್ತೇನೆ. ಅವತ್ತು ನಾನು ಅಲ್ಲಿರಲಿಲ್ಲ. ಅವ್ವ ಇದ್ದಳು. ಅವಳು ಹೇಳಿದ್ದನ್ನೇ ಹೇಳುತ್ತಿದ್ದೇನೆ.

ಅವತ್ತು ಭಾನುವಾರ. ರೆಸಾರ್ಟಿನ ತುಂಬ ಗೆಸ್ಟುಗಳು. ಗುಂಡಿ ತುಂಬಿ ನೀರು ಮೇಲಕ್ಕೆ ಬರುತ್ತಿತ್ತು. ಗುಂಡಿ ಹೀರುವ ಗಾಡಿ ತರಿಸಬೇಕಿತ್ತು. ಸೂಪರ್‌ವೈಸರ್ ಸೋಮಶೇಖರ್ ತರಿಸಲಿಲ್ಲ. ಗಾಡಿ ಬಂದರೆ ಗೆಸ್ಟುಗಳು ತಿಂಡಿ ತಿನ್ನುವ ಜಾಗದ ಮುಂದೆಯೇ ಹಾದು ಬರಬೇಕು. ವಾಸನೆ ಹೊಡೆಯುತ್ತದೆ, ಯಾರಾದರೂ ಫೋಟೋ ತೆಗೆದು ಹಾಕುತ್ತಾರೆ, ಹೆಸರು ಕೆಡುತ್ತದೆ. ಮನುಷ್ಯನನ್ನು ಇಳಿಸಿದರೆ ಯಾರಿಗೂ ಕಾಣುವುದಿಲ್ಲ. ಮನುಷ್ಯನಿಗೆ ಡೀಸೆಲ್ಲೂ ಹಾಕಿಸಬೇಕಾಗಿಲ್ಲ.

ಬೆಳಿಗ್ಗೆಯೇ ಅಣ್ಣನ ಕೈಗೆ ಒಂದು ಕ್ವಾರ್ಟರ್ ಬಾಟಲಿ ಕೊಟ್ಟರು. ಗುಂಡಿ ಕೆಲಸಕ್ಕೆ ಮೊದಲು ಕ್ವಾರ್ಟರ್ ಕೊಡುವುದು ಅಲ್ಲಿನ ಪದ್ಧತಿ. ಗ್ಲೌಸು ಕೊಡುವ ಪದ್ಧತಿ ಇರಲಿಲ್ಲ.

ಅವನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ಹಗ್ಗದ ಇನ್ನೊಂದು ತುದಿ ಅವ್ವನ ಕೈಲಿತ್ತು. ಆ ಹಗ್ಗವನ್ನು ಬೇರೆ ಯಾರೂ ಹಿಡಿಯುವುದಿಲ್ಲ. ಬಕೆಟ್ ಮೇಲೆ ಬಂತು, ಕೆಳಗೆ ಹೋಯಿತು, ಮತ್ತೆ ಬಂತು. ಆಮೇಲೆ ಬರಲಿಲ್ಲ. ಅವ್ವ ಕೂಗಿದಳು. ಉತ್ತರ ಬರಲಿಲ್ಲ. ಎಳೆದಳು. ಬೆಳೆದ ಗಂಡಸು, ಮೈತುಂಬ ಕೆಸರು, ಜೀವವಿಲ್ಲದ ಭಾರ. ಅಂಗೈ ಸಿಪ್ಪೆ ಸುಲಿದು ಹಗ್ಗ ಜಾರತೊಡಗಿತು. ಸೋಮಶೇಖರ್ ಪಕ್ಕದಲ್ಲೇ ನಿಂತು ‘ಎಳಿ, ಎಳಿ’ ಅನ್ನುತ್ತಿದ್ದ. ಹಾಗನ್ನುವುದಕ್ಕೆ ಕೈ ಬೇಕಾಗುವುದಿಲ್ಲ. ಕೊನೆಗೆ ನಮ್ಮ ಕೇರಿಯವರೇ ಇಬ್ಬರು ತೋಟದಿಂದ ಓಡಿ ಬಂದು ಹಗ್ಗಕ್ಕೆ ಕೈ ಹಾಕಿದರು.

ಮೇಲೆ ಬಂದಾಗ ಅಣ್ಣನ ಬಾಯಿ ತುಂಬ ಅದೇ ಇತ್ತು. ಅವ್ವ ಬೆರಳು ಹಾಕಿ ತೆಗೆದಳು, ಸೆರಗಿನಲ್ಲಿ ಒರೆಸಿದಳು. ‘ನೀರು ಕೊಡ್ರವ್ವೋರೆ’ ಅಂತ ಅಡುಗೆಮನೆ ಕಡೆ ನೋಡಿ ಕೂಗಿದಳು. ಅಡುಗೆಯ ಬಸವಮ್ಮ ಬಿಂದಿಗೆ ತಂದು ದೂರದಲ್ಲಿಟ್ಟು ಹಿಂದಕ್ಕೆ ಸರಿದಳು. ಅವ್ವ ನೀರು ಹುಯ್ದಳು. ಅವನು ಏಳಲಿಲ್ಲ.

ಪೊಲೀಸಿನವರು ಬಂದರು, ನೋಡಿದರು, ಅಲ್ಲಿ ಕೆಲಸ ಮಾಡುವವರ ಹೇಳಿಕೆ ಬೇಕು ಅಂದರು. ರೆಸಾರ್ಟಿನ ವಕೀಲರು, ಎಲ್ಲರ ಹೇಳಿಕೆಯನ್ನೂ ರುಜು ಹಾಕಿಸಿ ನಾನೇ ತಂದುಕೊಡುತ್ತೇನೆ, ನಿಮಗೆ ತೊಂದರೆ ಯಾಕೆ ಅಂದರಂತೆ. ಎಂಥ ದೊಡ್ಡ ಮನಸ್ಸು ನೋಡಿ.

ನನಗೆ ಬೇಕಾಗಿದ್ದುದು ಒಂದೇ. ನನ್ನ ಅಣ್ಣನನ್ನು ಅವರು ಇಳಿಸಿದರು ಅನ್ನುವ ಮಾತು ಎಲ್ಲಾದರೂ ಒಂದು ಕಡೆ ನಿಲ್ಲಬೇಕು. ಅವನೇ ಬಿದ್ದ ಅಂತ ಆಗಬಾರದು. ಸತ್ತವನ ಮೇಲೇ ತಪ್ಪು ಹೊರಿಸಿ ಮುಚ್ಚಳ ಹಾಕಿದರೆ ನಾವು ಅವನನ್ನು ಇನ್ನೊಂದು ಸಲ ಗುಂಡಿಗೆ ಹಾಕಿದ ಹಾಗೆ.

ತಿಥಿ ಮುಗಿದ ಮೇಲೆ ಅವ್ವನಿಗೆ ಕರೆ ಬಂತು. ಸೈನ್ ಹಾಕುವುದಿದೆ, ಬಂದು ಹೋಗು ಅಂತ. ನಾನೂ ಅಂಗಡಿಗೆ ರಜಾ ಹಾಕಿ ಜೊತೆಗೆ ಹೋದೆ. ಅವ್ವನ ಎರಡೂ ಅಂಗೈಗೆ ಬಟ್ಟೆ ಸುತ್ತಿತ್ತು, ಬಸ್ಸಿನ ಕಂಬಿ ಹಿಡಿಯುವುದಕ್ಕೂ ಆಗುತ್ತಿರಲಿಲ್ಲ.

ರೆಸಾರ್ಟಿನ ಯಜಮಾನ ಮೃತ್ಯುಂಜಯ ಅಂತ. ಮೈಸೂರಿನಲ್ಲಿರುತ್ತಾನೆ. ಅವನು ಕಾಗದ ಬಳಸುವುದಿಲ್ಲ. ಮರ ಕಡಿಯಬಾರದು, ಕಾಡು ಉಳಿಸಬೇಕು ಅಂತ ಅವನ ವ್ರತ. ಅದಕ್ಕೇ ಅಲ್ಲಿ ರಜೆ, ಹಾಜರಿ, ಊಟ, ಎಲ್ಲಕ್ಕೂ ಮೊಬೈಲು, ಟ್ಯಾಬಿನಲ್ಲೇ ರುಜು; ಅವ್ವನಂಥವರ ಹಾಜರಿಯನ್ನು ಮಾತ್ರ ಸೋಮಶೇಖರನೇ ಒತ್ತುತ್ತಿದ್ದ. ನನ್ನ ಅಣ್ಣನ ಸಾವಿಗೂ ಒಂದು ಎಲೆ ಕೂಡ ಉದುರಲಿಲ್ಲ.

ಅಡುಗೆಮನೆ ಹಿಂದಿನ ಶೀಟಿನ ಕೆಳಗೆ ಎಲ್ಲರೂ ಸಾಲಾಗಿ ನಿಂತಿದ್ದರು. ಸೋಮಶೇಖರನ ಕೈಲಿ ಟ್ಯಾಬು. ಬರಹವನ್ನೆಲ್ಲ ಬೆರಳಿನಿಂದ ಸರ್ರನೆ ಮೇಲೆ ತಳ್ಳಿ ರುಜು ಹಾಕುವ ಚೌಕವನ್ನು ಮಾತ್ರ ತೋರಿಸುತ್ತಿದ್ದ. ರಿಸೆಪ್ಶನ್ನಿನ ನಯನಾ, ‘ಏನಿದೆ ಸಾರ್ ಇದ್ರಲ್ಲಿ?’ ಅಂತ ಕೇಳಿದಳು.

‘ಇರೋದೇ ಅದೆ. ಆಕಮ್ಮಿ, ಬಿಸಿಲು.’

ನಯನಾ ಹಾಕಿದಳು. ತೋಟದವರಿಬ್ಬರು ತಲೆ ಬಗ್ಗಿಸಿಕೊಂಡು ಬಂದರು. ಅವರಿಗೆ ಟ್ಯಾಬು ಕೊಡಲಿಲ್ಲ, ಅವರ ಹೆಸರೇ ಅದರಲ್ಲಿ ಇರಲಿಲ್ಲವಂತೆ. ಹಗ್ಗ ಎಳೆದವರು ಏನನ್ನೂ ನೋಡಿಲ್ಲ ಅಂತ ತೀರ್ಮಾನವಾಗಿತ್ತು. ಆಮೇಲೆ ಬಸವಮ್ಮ ಬಂದಳು. ಸಾರಿಗೆ ಅರೆಯುತ್ತಿದ್ದವಳು ಹಾಗೇ ಎದ್ದು ಬಂದಿದ್ದಳು, ಬೆರಳಿನ ತುಂಬ ಅರಿಶಿನ. ಗಾಜಿನ ಮೇಲೆ ಹಳದಿ ಗೆರೆ ಉಳಿಯಿತು. ಸೋಮಶೇಖರ್ ಕರ್ಚೀಫಿನಲ್ಲಿ ಒರೆಸಿಕೊಂಡ. ಅರಿಶಿನದಿಂದ ಗಾಜು ಹಾಳಾಗುವುದಿಲ್ಲ.

ಅವ್ವನ ಸರದಿ ಬಂತು. ಅವ್ವನ ಹೆಸರು ಬೇಕೇ ಬೇಕಿತ್ತು. ಸತ್ತವನ ತಾಯಿಯೇ ಒಪ್ಪಿದರೆ ಮತ್ತೆ ಯಾರು ಕೇಳುತ್ತಾರೆ? ಅವಳು ಎರಡು ಹೆಜ್ಜೆ ಮುಂದೆ ಬಂದಳು. ಸೋಮಶೇಖರ್ ಟ್ಯಾಬನ್ನು ಎದೆಗೆ ಒತ್ತಿಕೊಂಡ.

‘ಅಲ್ಲೇ ನಿಂತ್ಕೊ ಮಂಚಿ. ಕೈ ತೊಳ್ಕೊ ಓಗು.’

‘ತೊಳ್ದಿವ್ನಿ ಬುದ್ಧಿ.’

‘ಸೋಪ್ ಆಕಿ ತೊಳ್ಕೊ.’

ಅವ್ವನಿಗಿಂತ ಅವನು ಇಪ್ಪತ್ತು ವರ್ಷ ಚಿಕ್ಕವನು. ನನ್ನ ತಾಯಿ ಅವನಿಗೆ ಮಂಚಿ. ಅವ್ವ ಅಂಗೈಗೆ ಸುತ್ತಿದ ಬಟ್ಟೆ ಬಿಚ್ಚಿ, ಇನ್ನೂ ಮಾಯದ ಗಾಯಕ್ಕೆ ಸೋಪು ಹಾಕಿ ತೊಳೆದುಕೊಂಡು ಬಂದಳು. ಉರಿ ತಡೆಯದೆ ಕೈ ಒದರುತ್ತಿದ್ದಳು. ಅವನು ನೋಡಿದ. ಒದ್ದೆ ಇದೆ ಅಂದ. ಅವ್ವ ಸೆರಗಿಗೆ ಒರೆಸಿಕೊಂಡಳು. ಸೆರಗು ಕೊಳೆ ಅಂದ. ನನಗೆ ಮೈಯೆಲ್ಲ ಉರಿಯಿತು. ಅವ್ವ ಮೊಣಕೈಯಿಂದ ತಿವಿದು ನನ್ನನ್ನು ಸುಮ್ಮನಿರಿಸಿದಳು.

ಅವನಿಗೂ ಪಾಪ ಕಷ್ಟ. ಟ್ಯಾಬು ಯಜಮಾನರದು, ಸಂಜೆ ಹೊತ್ತಿಗೆ ವಾಪಸ್ ಕೊಡಬೇಕು. ಒಳಗಿಂದ ಒಂದು ಪ್ಲಾಸ್ಟಿಕ್ ಕವರು ತರಿಸಿ ಟ್ಯಾಬಿನ ಮೇಲೆ ಹೊದಿಸಿದ. ‘ಈಗ ಆಕು’ ಅಂದ. ಅವ್ವ ಬೆರಳಾಡಿಸಿದಳು. ಕವರು ಸರಬರ ಅಂದಿತು, ರುಜು ಬೀಳಲಿಲ್ಲ. ಕವರು ತೆಗೆದು ಪೊರಕೆಯಿಂದ ಒಂದು ಕಡ್ಡಿ ಕಿತ್ತು ನೆಲದ ಮೇಲೆ ಹಾಕಿದ. ಅವ್ವ ಅದನ್ನು ಎತ್ತಿಕೊಂಡು, ತೋಳು ಚಾಚಿ, ದೂರದಿಂದಲೇ ಗಾಜಿನ ಮೇಲೆ ಗೀಚಿದಳು. ಏನೂ ಮೂಡಲಿಲ್ಲ. ಅಷ್ಟು ಜನ ಸುತ್ತ ನಿಂತು ನೋಡುತ್ತಿದ್ದರು. ಮಗನನ್ನು ಮಣ್ಣು ಮಾಡಿ ಬಂದವಳು ಪೊರಕೆ ಕಡ್ಡಿಯಲ್ಲಿ ಗಾಜು ಕೆರೆಯುತ್ತಿದ್ದಳು.

‘ಸಾರ್, ಅದು ಕಡ್ಡಿಗೆಲ್ಲ ಹತ್ತಲ್ಲ. ಜೀವ ಇರೋ ಬೆರಳೇ ಬೇಕು,’ ಅಂದಳು ನಯನಾ.

‘ಗೊತ್ತು ಬುಡಮ್ಮಿ ನಂಗೆ’ ಅಂದ. ಆಮೇಲೆ ಅವ್ವನ ಕಡೆ ತಿರುಗಿ, ‘ನಿನ್ ಫೋನಿಗೆ ನಂಬರ್ ಬತ್ತದೆ, ಓಟಿಪಿ. ಯೋಳು, ನಾನೇ ಆಕ್ತಿನಿ’ ಅಂದ.

‘ಫೋನ್ ಮನೇಲದೆ ಬುದ್ಧಿ.’

ಕಕ್ಕಸು ತೊಳೆಯುವವರು ಒಳಗೆ ಫೋನು ತರಬಾರದು ಅಂತ ರೂಲ್ಸು ಮಾಡಿದವನು ಅವನೇ. ಅವ್ವ ರೂಲ್ಸು ಮುರಿದವಳಲ್ಲ.

ಅವನು ಹಣೆ ಒರೆಸಿಕೊಂಡ. ನನ್ನನ್ನು ನೋಡಿದ. ‘ನೀನು ಓದಿರವ್ಳು ತಾನೆ? ನಿನ್ ನಂಬರ್ ಕೊಡು, ಲಿಂಕ್ ಕಳುಸ್ತಿನಿ. ನಿಮ್ ಫೋನು, ನಿಮ್ ಬೆಳ್ಳು. ಮನೇಲೇ ಕೂತ್ಕೊಂಡು ಒತ್ಬುಡಿ. ಸಂಜೆ ಒಳಗೆ ಆಗೋಗ್ಬೇಕು, ನಾಳೆ ಸ್ಟೇಷನ್‌ಗೆ ಕೊಡಾದದೆ.’

ಉಪಕಾರ ಮಾಡಿದವನ ಹಾಗೆ ಹೇಳಿದ. ನಾವು ಬೇರೇನಾದರೂ ಒತ್ತಬಹುದು ಅನ್ನುವುದು ಅವನ ತಲೆಗೆ ಬರಲೇ ಇಲ್ಲ. ಬರುವುದಾದರೂ ಹೇಗೆ? ಇಳಿ ಅಂದರೆ ಇಳಿದವರು ನಾವು.

ಮನೆಗೆ ಬಂದು ಜಗಲಿಯ ಮೇಲೆ ಕೂತೆವು. ಎದುರಿಗೆ ಚೆಂಡುಹೂವಿನ ಹೊಲ, ಕೂಲಿಯವರು ಹೂ ಬಿಡಿಸುತ್ತಿದ್ದರು. ನಾನು ಲಿಂಕ್ ಒತ್ತಿದೆ. ಬರಹ ತೆರೆದುಕೊಂಡಿತು. ಯಾರೂ ತಳ್ಳಲಿಲ್ಲ, ಬಿಸಿಲು ಅನ್ನಲಿಲ್ಲ.

‘ಓದಮ್ಮಿ’ ಅಂದಳು ಅವ್ವ.

ಓದಿದೆ. ‘ಮೃತ ಶಿವಮಲ್ಲು ಎಂಬಾತನು ಮದ್ಯಪಾನದ ಅಮಲಿನಲ್ಲಿ, ಯಾರ ಸೂಚನೆಯೂ ಇಲ್ಲದೆ, ಸ್ವಇಚ್ಛೆಯಿಂದ ಗುಂಡಿಯ ಮುಚ್ಚಳ ತೆರೆದು ಆಕಸ್ಮಿಕವಾಗಿ ಬಿದ್ದಿರುತ್ತಾನೆ. ಸದರಿ ಗುಂಡಿಯನ್ನು ಯಾವಾಗಲೂ ಯಂತ್ರದಿಂದಲೇ ಸ್ವಚ್ಛಗೊಳಿಸಲಾಗುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿರುತ್ತೇನೆ.’

‘ಸ್ವಇಚ್ಛೆ ಅಂದ್ರೆ?’

‘ಅವನಿಗೇ ಇಷ್ಟ ಆಗಿ ಅಂತ.’

‘ಏಲಿನ ಗುಂಡಿಗೆ ಯಾರಮ್ಮಿ ಇಷ್ಟ ಆಗಿ ಇಳ್ದರು?’ ಅಂದಳು. ‘ಇನ್ನೊಂದ್ಸಲ ಓದು.’

ಇನ್ನೊಂದು ಸಲ ಓದಿದೆ. ಅವಳು ಅಳಲಿಲ್ಲ. ನಾನು ಅತ್ತೆ. ಕುಡಿಸಿದವರು ಅವರು, ಇಳಿಸಿದವರು ಅವರು, ಈಗ ಅಮಲಿನಲ್ಲಿ ಅಂತ ಬರೆದವರೂ ಅವರೇ. ಕಣ್ಣಾರೆ ಕಂಡಿದ್ದೇನೆ ಅಂತ ಅವನ ಹೆತ್ತವಳ ಕೈಲೇ ಹೇಳಿಸುವವರು. ಥೂ, ಇವರ ಬಾಯಿಗೆ ಅದೇ ಗುಂಡಿಯ ಮಣ್ಣು ಹಾಕಬೇಕು ಅನ್ನಿಸಿತು.

ಬೆರಳಿನಿಂದ ಪುಟವನ್ನು ಜರುಗಿಸಿದೆ. ರುಜುವಿನ ಚೌಕ ಬಂತು. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಇನ್ನೂ ಸ್ವಲ್ಪ ಜರುಗಿತು. ತಳದಲ್ಲಿ, ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ಇನ್ನೊಂದು ಬಟನ್ನು. ‘ನಿರಾಕರಿಸಿ.’

‘ಅಂಗಂದ್ರೇನಮ್ಮಿ?’

‘ಆಗಕ್ಕಿಲ್ಲ ಅಂತವ್ವ. ನಾನು ಒಪ್ಪಕ್ಕಿಲ್ಲ ಅಂತ.’

ಅವ್ವ ನನ್ನ ಮುಖ ನೋಡಿದಳು. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಳೋ ಏನೋ. ‘ಆಗಕ್ಕಿಲ್ಲ ಅನ್ನಕ್ಕೆ ಅವ್ರೇ ಜಾಗ ಮಡ್ಗವ್ರಾ?’

‘ಮಡ್ಗವ್ರೆ.’

‘ಅಲ್ಲಿ ಕಾಣ್ನಿಲ್ವಲ್ಲ?’

‘ಅಲ್ಲಿ ಅವನ ಹೆಬ್ಬೆಟ್ಟು ಅದರ ಮೇಲೇ ಇತ್ತು.’

ಅವ್ವ ಕೆಲಸದ ಬಗ್ಗೆ ಕೇಳಲಿಲ್ಲ, ನಾಳೆಯ ಬಗ್ಗೆ ಕೇಳಲಿಲ್ಲ. ‘ಒತ್ತು’ ಅಂದಳು. ನಾನು ಒತ್ತಲಿಲ್ಲ. ಇದು ನಿನ್ನ ರುಜು, ನೀನೇ ಒತ್ತಬೇಕು ಅಂತ ಫೋನನ್ನು ಅವಳ ಮಡಿಲಿಗೆ ಇಟ್ಟೆ. ಅವಳು ಬಟ್ಟೆ ಸುತ್ತಿದ ಕೈಯಿಂದ ಒಂದು ಬೆರಳು ಹೊರಗೆ ತೆಗೆದು ಒತ್ತಿದಳು. ಒಂದೇ ಸಲಕ್ಕೆ ಹತ್ತಿತು.

ಕಾರಣ ತಿಳಿಸಿ ಅಂತ ಬಂತು. ಕೆಳಗೆ ಇನ್ನೊಂದು ಸಾಲು. ನಿಮ್ಮ ಕಾರಣವನ್ನು ಈ ದಾಖಲೆಯಲ್ಲಿರುವ ಎಲ್ಲರಿಗೂ ಕಳಿಸಲಾಗುವುದು. ಅದನ್ನೂ ಓದಿ ಹೇಳಿದೆ. ‘ಎಲ್ರುಗೂವೆ?’ ಅಂದಳು. ಎಲ್ಲರಿಗೂ ಅಂದೆ. ಯಜಮಾನನಿಗೂ, ವಕೀಲನಿಗೂ, ರುಜು ಹಾಕಿದವರಿಗೂ.

ಅವಳಿಗೆ ಬರೆಯುವುದಕ್ಕೆ ಬರುವುದು ತನ್ನ ಹೆಸರು ಮಾತ್ರ. ನಾನು ಮೈಕಿನ ಗುರುತು ಒತ್ತಿ, ಮಾತಾಡು, ಅದೇ ಬರೆದುಕೊಳ್ಳುತ್ತದೆ ಅಂದೆ. ಅವ್ವ ಫೋನನ್ನು ಬಾಯಿಗೆ ಹತ್ತಿರ ಹಿಡಿದು, ಹೊಲದ ಆಚೆ ಬದುವಿನಲ್ಲಿರುವವರನ್ನು ಕರೆಯುವ ಹಾಗೆ ಕೂಗಿ ಹೇಳಿದಳು. ಹೂ ಬಿಡಿಸುತ್ತಿದ್ದವರು ತಿರುಗಿ ನೋಡಿದರು. ಫೋನು ಬರೆದುಕೊಂಡಿತು.

‘ಮಿಷನ್ ಬರ್ನಿಲ್ಲ. ಸೋಮಶೇಖರ ಕುಡ್ಸಿ ಇಳುಸ್ದ. ಅಗ್ಗ ನಾನೇ ಇಡ್ದಿದ್ದೆ. ನನ್ ಮಗ ಓದ.’

‘ಅವ್ವ, ಹಗ್ಗ ಅಂತ ಆಗಬೇಕು. ಅಗ್ಗ ಅಂದರೆ ಕಡಿಮೆ ಬೆಲೆ ಅಂತ ಆಗುತ್ತೆ. ಓದ ಅಂದರೆ ಪುಸ್ತಕ ಓದುವುದು ಅಂತ ಆಗುತ್ತೆ. ತಿದ್ದಿಬಿಡ್ತೀನಿ. ಸೋಮಶೇಖರ್ ಅವರು ಅಂತಲೂ ಹಾಕ್ಲಾ?’

‘ಬ್ಯಾಡ.’

‘ಓದೋರು ನಗ್ತಾರೆ.’

‘ನಗ್ಲಿ. ಬಾಯ್ಲಿ ಬಂದಂಗೇ ಇರ್ಲಿ ಬುಡು.’

ಅವಳ ಹಳೆಯ ಬಟನ್ ಫೋನಿಗೆ ಓಟಿಪಿ ಬಂತು. ನಾನು ಅದನ್ನು ಹಾಕಿದೆ, ಕಳಿಸು ಅನ್ನುವುದನ್ನು ಅವ್ವ ಒತ್ತಿದಳು. ‘ಈ ದಾಖಲೆ ರದ್ದಾಗಿದೆ’ ಅಂತ ಬಂತು. ಆಮೇಲೆ ಅವ್ವ ಎದ್ದು ಹೋಗಿ ಕಾಫಿಗೆ ನೀರಿಟ್ಟಳು.

ನೀರು ಕುದಿಯುವ ಮೊದಲೇ ಸೋಮಶೇಖರ್ ಫೋನ್ ಮಾಡಿದ.

‘ಏನಮ್ಮಿ ಮಾಡ್ಬುಟ್ರಿ? ಎಲ್ರುದೂ ಕ್ಯಾನ್ಸಲ್ ಆಗೋಯ್ತು! ಒಬ್ರು ಆಗಲ್ಲ ಅಂದ್ರೆ ಪೂರ್ತಿ ಓಯ್ತದೆ ಅದು! ಸಾಹೇಬ್ರು ಬಾಯಿಗ್ ಬಂದಂಗೆ ಬೈತಾವ್ರೆ!’

‘ನೀವೇ ಹೇಳಿದ್ರಲ್ಲ ಸಾರ್. ನಮ್ಮ ಫೋನು, ನಮ್ಮ ಬೆರಳು ಅಂತ.’

‘ನಿಮ್ಮವ್ವ ಇನ್ಮೇಲೆ ಗೇಟ್ ಅತ್ರ ಕಾಲಿಡಂಗಿಲ್ಲ, ಯೋಳ್ಬುಡು!’

ಹೇಳಿದೆ. ‘ನಾ ಓಯ್ತಿನಿ ಅಂತ ಅವ್ನಿಗೆ ಯಾರ್ ಯೋಳುದ್ರು?’ ಅಂದಳು ಅವ್ವ ಒಲೆಯ ಮುಂದಿನಿಂದಲೇ.

ಸ್ವಲ್ಪ ಹೊತ್ತಿಗೆ ವಕೀಲರ ಫೋನು. ಇವರು ಬೈಯಲಿಲ್ಲ. ಮೈಸೂರಿನ ನಯವಾದ ಮಾತು. ತಾಯಿಯವರ ಹತ್ತಿರ ಮಾತಾಡಬೇಕು ಅಂದರು. ನಾನು ಸ್ಪೀಕರ್ ಹಾಕಿದೆ.

‘ಅಮ್ಮ, ಮಗ ಓದ ಅಂತ ಬರೆದಿದ್ದೀರಿ. ಏನನ್ನು ಓದಿದ? ಅವನ ಹತ್ತಿರ ಕಾಗದ ಪತ್ರ ಏನಾದರೂ ಇತ್ತೇ?’

‘ಓದ ಸ್ವಾಮಿ.’

‘ಅದೇ, ಏನನ್ನು?’

‘ಏನೂ ಇಲ್ಲ. ಓದ. ವಾಪಸ್ ಬರ್ನಿಲ್ಲ.’

‘ಓ, ಹೋದ’ ಅಂದರು ವಕೀಲರು. ‘ನೋಡಿ ಅಮ್ಮ, ಅದು ಎಲ್ಲರಿಗೂ ಹೋಗಿಬಿಟ್ಟಿದೆ. ತಪ್ಪಾಗಿ ಒತ್ತಿದೆ ಅಂತ ಒಂದು ಮಾತು ಹೇಳಿಬಿಡಿ. ನಿಮಗೂ ಒಳ್ಳೆಯದು.’

‘ತಪ್ಪಾಗ್ ಒತ್ನಿಲ್ಲ. ನೀವು ಓದುದ್ರಲ್ಲ ಸ್ವಾಮಿ, ಸಾಕು ಬುಡಿ.’

ಮಾರನೆಯ ದಿನ ನಾವಿಬ್ಬರೂ ಗುಂಡ್ಲುಪೇಟೆಗೆ ಹೋಗಿ, ಅವ್ವ ಕೂಗಿ ಹೇಳಿದ್ದನ್ನೇ ಸ್ಟೇಷನ್ನಿನಲ್ಲಿ ಬರೆಸಿ ಬಂದೆವು. ಬರೆದುಕೊಂಡವನು, ನೀವೊಬ್ಬರು ಹೇಳಿದರೆ ಏನಾಯಿತು, ಉಳಿದವರೆಲ್ಲ ಬೇರೆ ಹೇಳಿದರೆ ನಿಮ್ಮ ಮಾತು ನಿಲ್ಲುವುದಿಲ್ಲ ಅಂದ. ಸುಳ್ಳೇನೂ ಹೇಳಲಿಲ್ಲ. ಬಸ್ಸಿನಲ್ಲಿ ಬರುವಾಗ ನನ್ನ ಧೈರ್ಯವೆಲ್ಲ ಇಳಿದುಹೋಗಿತ್ತು. ಅವ್ವ ಕಿಟಕಿಯಿಂದ ಈರುಳ್ಳಿ ಲಾರಿಗಳನ್ನು ನೋಡುತ್ತ ಕೂತಿದ್ದಳು.

ರೆಸಾರ್ಟಿನವರು ಸುಮ್ಮನಿರಲಿಲ್ಲ. ಅವ್ವನ ಹೆಸರು ತೆಗೆದು ಅದೇ ಬರಹವನ್ನು ಮತ್ತೆ ಕಳಿಸಿದರು. ಎಲ್ಲರೂ ಒಂದೇ ಟ್ಯಾಬಿನಲ್ಲಿ ಹಾಕಿದರೆ ಮುಂದೆ ಕೋರ್ಟಿನಲ್ಲಿ ಪ್ರಶ್ನೆ ಬರುತ್ತದೆ, ಒತ್ತಾಯ ಮಾಡಿಸಿದ ಹಾಗೆ ಕಾಣುತ್ತದೆ ಅಂತ ವಕೀಲರು ಹೇಳಿದರಂತೆ. ಈ ಸಲ ಅವರವರ ಫೋನಿಗೆ, ಅವರವರ ಮನೆಯಲ್ಲಿ. ಇದನ್ನೆಲ್ಲ ನನಗೆ ಹೇಳಿದವಳು ಬಸವಮ್ಮ.

ಅವಳು ಅವತ್ತು ಸಂಜೆ, ಡೇರಿಗೆ ಹಾಲು ಹಾಕುವ ಹೊತ್ತಿನಲ್ಲಿ ಫೋನ್ ಮಾಡಿದಳು. ಅವಳು ಊರೊಳಗಿನವಳು. ನಮ್ಮ ಮನೆಗೆ ಅವಳ ಫೋನು ಯಾವತ್ತೂ ಬಂದದ್ದಿಲ್ಲ. ಪಿಸುಮಾತಿನಲ್ಲಿ ಮಾತಾಡುತ್ತಿದ್ದಳು, ಹಿಂದೆ ಎಮ್ಮೆ ಉಸಿರು ಬಿಡುವುದು ಕೇಳಿಸುತ್ತಿತ್ತು.

‘ನಾನು ಕಣಮ್ಮಿ, ಬಸವಮ್ಮ. ಯಾರ್ಗೂ ಯೋಳ್ಬ್ಯಾಡ. ಮತ್ತೆ ಕಳ್ಸವ್ರೆ.’

‘ಹಾಕಿದ್ರಾ?’

‘ಅವತ್ತು ಓದ್ನಿಲ್ಲ. ಎಲ್ರೂ ನೋಡ್ತಾ ನಿಂತಿದ್ರು, ಗೀಚ್ಬುಟ್ಟೆ. ಇವತ್ತು ಓದ್ದೆ.’ ಉಸಿರು ಎಳೆದುಕೊಂಡಳು. ‘ಕಣ್ಣಾರೆ ಕಂಡಿವ್ನಿ ಅಂತ ಅದೆ. ನಾನು ಕಂಡದ್ದು ಅದಲ್ವಲ್ಲಮ್ಮಿ.’

ಅವ್ವನಿಗೂ ಕೇಳಿಸಲಿ ಅಂತ ನಾನು ಸ್ಪೀಕರ್ ಹಾಕಿದೆ.

‘ನಿಮ್ಮವ್ವ ಒತ್ತುದ್ಲಲ್ಲ ಅದ್ಯಾವ್ದೋ, ಅದು ಎಲ್ಲದೆ? ನಂಗೆ ಕಾಣ್ತಾನೇ ಇಲ್ಲ.’

ಅವ್ವ ಕೈ ಚಾಚಿ ಫೋನು ಇಸಿದುಕೊಂಡಳು.

‘ಕೆಳಕ್ಕೆ ಜರುಗ್ಸು ಬಸವಮ್ಮ.’

‘ಜರುಗ್ಸುದೆ. ಸೈನ್ ಆಕೋ ಡಬ್ಬಿ ಬಂತು.’

‘ಅದಲ್ಲ. ಇನ್ನೂ ಕೆಳಕ್ಕೆ.’

‘ಮುಗ್ದೋಯ್ತಲ್ಲ ಮಂಚಮ್ಮ?’

‘ಮುಗುದಿಲ್ಲ. ತೀರಾ ತಳದಲ್ಲದೆ. ಬಾ.’